ಮುನ್ನೂರ ಹನ್ನೆರಡೂ ಪಾಸ್

"ಸುಳ್ಳು ಹೇಳೋಕೂ ಒಂದು ಮಿತಿ ಇರುತ್ತೆ ಕಣೋ. ಮುನ್ನೂರ ಹನ್ನೆರಡು ಪರೀಕ್ಷೆ ನಾಲ್ಕೇ ಸೆಕೆಂಡಲ್ಲಿ ಮುಗೀತು ಅಂತೀಯಲ್ಲ, ನಾನೇನು ಕಿವಿ ಮೇಲೆ ಹೂ ಇಟ್ಕೊಂಡು ಬಂದಿದೀನಾ?"

"ಹೊಸ ಪ್ರೊಸೆಸರ್ ಅಕ್ಕ. ಓಡುತ್ತೆ. ನಿಮ್ಮ ಕಾಲದ್ದಲ್ಲ ಅದು."

"ನನ್ನ ಕಾಲದ ಸುದ್ದಿಗೆ ಬರ್ಬೇಡ. ಹಳೇ ಡಬ್ಬೀಲಿ ಇದೇ ಪರೀಕ್ಷೆಗೆ ಎರಡು ಗಂಟೆ ಹಿಡೀತಿತ್ತು. ಎರಡು ಗಂಟೆದು ನಾಲ್ಕು ಸೆಕೆಂಡಿಗೆ ಇಳೀತು ಅಂದ್ರೆ ಒಂದೋ ಅದು ದೇವರು, ಇಲ್ಲ ನೀನು ಕಳ್ಳ."

"ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಕ್ಕ. ಬೋರ್ಡ್ ನೋಡಿ. ಪೂರ್ತಿ ಹಸಿರು."

"ಹಸಿರು ಕಂಡ ಕೂಡ್ಲೆ ಬಾಯಿ ಹಾಕೋಕೆ ನಾನೇನು ಎಮ್ಮೆನಾ? ಲಾಗ್ ತೆಗ್ದು ನೋಡೋ, ದಡ್ಡ."

ಅಷ್ಟು ಹೇಳಿ ಆಕೆ ಕುರ್ಚಿಯನ್ನು ಒದ್ದು ಎದ್ದು ಹೋದಳು.

ಬೈದವಳು ಆ ಆಫೀಸಿನ ಪರೀಕ್ಷಾ ವಿಭಾಗದ ಹಿರಿಯಳು, ಎಲ್ಲರಿಗೂ ಅಕ್ಕ. ಬೈಸಿಕೊಂಡವನು ಪರೀಕ್ಷೆಗಳನ್ನು ಓಡಿಸುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆಯುವವನು. ಹೆದರಿಕೆಯಾದರೆ ಕತ್ತಿನಿಂದ ಕಾಲಿನವರೆಗೆ ಬೆವರುತ್ತಿದ್ದನಾದ್ದರಿಂದ ಅವನನ್ನು ಎಲ್ಲರೂ ಬೆವರಪ್ಪ ಎನ್ನುತ್ತಿದ್ದರು. ಹಾಜರಿ ಪಟ್ಟಿಯಲ್ಲಿ ಬೇರೆ ಹೆಸರಿತ್ತು. ಅದು ಅವನಿಗೇ ಆಗಾಗ ಮರೆಯುತ್ತಿತ್ತು.

ಲಿಫ್ಟಿನ ನೆತ್ತಿಯ ಮೇಲೆ ಒಂದು ಡಬ್ಬಿ ಇರುತ್ತದೆ. ಯಾವ ಮಹಡಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು, ಬಾಗಿಲು ಯಾವಾಗ ತೆರೆಯಬೇಕು ಎಂದು ಅಪ್ಪಣೆ ಕೊಡುವುದು ಆ ಡಬ್ಬಿ. ಅದರೊಳಗಿನ ಆಪರೇಟಿಂಗ್ ಸಿಸ್ಟಂ ಬರೆಯುವುದು ಈ ಕಂಪನಿಯ ಕಸುಬು. ಬೆವರಪ್ಪನ ಸ್ಕ್ರಿಪ್ಟ್ ಮಾಡಬೇಕಾದದ್ದು ಇಷ್ಟೇ: ಮೊದಲು ಡಬ್ಬಿಯನ್ನು "ನಿನ್ನ ಪ್ರೊಸೆಸರ್ ಯಾವುದು" ಎಂದು ಕೇಳಬೇಕು, ಅದು ಹೇಳಿದ ಹೆಸರಿಗೆ ತಕ್ಕ ಪರೀಕ್ಷೆಗಳನ್ನು ಕಟ್ಟಿ ಕಳಿಸಬೇಕು. ಒಂದು ಪ್ರೊಸೆಸರಿನ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ.

ಅಕ್ಕನ ಬಾಯಿ ಮುಚ್ಚಿಸಬೇಕೆಂದೇ ಅವನು ಪರೀಕ್ಷೆಯ ದಾಖಲೆಯಾದ ಲಾಗ್ ತೆರೆದ. ಎರಡೇ ಸಾಲು ಇತ್ತು. "ಪ್ರೊಸೆಸರಿನ ಪರಿಚಯವಿಲ್ಲ, ಬಿಟ್ಟು ಮುಂದೆ ಹೋಗಿದೆ." ಅದರ ಕೆಳಗೆ, "ಫೇಲಾದದ್ದು: ಸೊನ್ನೆ."

ಸ್ಕ್ರಿಪ್ಟಿಗೆ ಗೊತ್ತಿದ್ದದ್ದು ಎರಡು ಪ್ರೊಸೆಸರುಗಳ ಹೆಸರು. ಹೊಸ ಡಬ್ಬಿ ಮೂರನೆಯದನ್ನು ಹೇಳಿತ್ತು. ಗೊತ್ತಿಲ್ಲದ ಹೆಸರು ಬಂದರೆ ಏನು ಮಾಡಬೇಕು ಎಂಬ ಜಾಗದಲ್ಲಿ, ನಾಲ್ಕು ತಿಂಗಳ ಹಿಂದೆ, ಬಸ್ಸಿಗೆ ಹೊತ್ತಾಯಿತೆಂದು "ಬಿಟ್ಟು ಮುಂದೆ ಹೋಗು" ಎಂದು ಬರೆದು ಎದ್ದುಹೋದ ಮಹಾಶಯ ಇವನೇ. ಪರೀಕ್ಷೆ ಬರೆಯಲು ಬಂದವರ ಗುರುತು ಸಿಗಲಿಲ್ಲವೆಂದು ಮೇಷ್ಟ್ರು ಕೋಣೆಗೆ ಬೀಗ ಜಡಿದು, ಈ ಕೋಣೆಯಲ್ಲಿ ಒಬ್ಬರೂ ಫೇಲಾಗಿಲ್ಲ ಎಂದು ಸಾರಿದ ಹಾಗೆ. ಹೊಸ ಡಬ್ಬಿಯ ಮೇಲೆ ನಾಲ್ಕು ತಿಂಗಳಲ್ಲಿ ಒಂದೇ ಒಂದು ಪರೀಕ್ಷೆಯೂ ಓಡಿರಲಿಲ್ಲ.

ಬೋರ್ಡಿನ ಆ ಹಸಿರನ್ನು ನಂಬಿ ಕಂಪನಿಯ ಯಜಮಾನರು ನಿನ್ನೆ ಸಂಜೆ ತಮ್ಮದೇ ಕಟ್ಟಡದ ಲಿಫ್ಟಿಗೆ ಹೊಸ ಡಬ್ಬಿ ಹಾಕಿಸಿದ್ದರು. ಇವತ್ತು ಹನ್ನೊಂದಕ್ಕೆ ಲಿಫ್ಟ್ ಕಂಪನಿಯ ತಪಾಸಣೆ ಅಧಿಕಾರಿ ಬರುವವಳಿದ್ದಳು. ಅದೇ ಲಿಫ್ಟಿನಲ್ಲಿ ಆಫೀಸಿದ್ದ ಏಳನೇ ಮಹಡಿಗೆ ಹತ್ತಿ, ಒಪ್ಪಿಗೆಯ ಸಹಿ ಹಾಕುವವಳಿದ್ದಳು. ಆಮೇಲೆ ಯಜಮಾನರು ಇನ್ನೊಂದು ಕಾಗದಕ್ಕೆ ಸಹಿ ಹಾಕುವವರಿದ್ದರು. ಅದು ಬೆವರಪ್ಪನ ಖಾಯಂ ಪತ್ರ. ಆರು ವರ್ಷದಿಂದ ಗುತ್ತಿಗೆಯ ಮೇಲಿದ್ದ. ಗುತ್ತಿಗೆ ನಾಳೆಗೆ ಮುಗಿಯುತ್ತಿತ್ತು. ಪತ್ರ ಸಿಕ್ಕರೆ ಕೆಲಸ, ಇಲ್ಲದಿದ್ದರೆ ಮನೆ.

ಯಜಮಾನರ ಸಿಟ್ಟು ಸಾಮಾನ್ಯದ್ದಲ್ಲ. ಇವನಿಗಿಂತ ಮೊದಲು ಇದ್ದವನು ಎಲ್ಲೋ ಒಂದು ಸೊನ್ನೆ ಹೆಚ್ಚು ಬರೆದನೆಂದು ಅವನನ್ನು ಗಾಲಿ ಕುರ್ಚಿಯ ಸಮೇತ ಕಾರಿಡಾರಿಗೆ ತಳ್ಳಿದ್ದರು. ಕುರ್ಚಿ ವಾಪಸು ಬಂತು, ಅವನು ಬರಲಿಲ್ಲ.

ನಿಜ ಹೇಳಿಬಿಟ್ಟಿದ್ದರೆ ಆಗಿತ್ತು. ಬೈಗುಳ ತಿಂದು, ಡಬ್ಬಿ ಬಿಚ್ಚಿಸಿ, ಮಧ್ಯಾಹ್ನದೊಳಗೆ ಎಲ್ಲ ಸರಿಹೋಗುತ್ತಿತ್ತು. ಆದರೆ ಹೆದರಿದವನಿಗೆ ನೇರದ ದಾರಿ ಎಲ್ಲಿ ಕಾಣುತ್ತದೆ? ಸದ್ದಿಲ್ಲದೆ ಆ ಸಾಲನ್ನು ತಿದ್ದಿ, ಪರೀಕ್ಷೆಗಳನ್ನು ಈಗಲೇ ನಿಜವಾಗಿ ಓಡಿಸಿಬಿಡುವುದು, ಅಲ್ಲಿಯವರೆಗೆ ಒಂದು ನರಪಿಳ್ಳೆಯೂ ಲಿಫ್ಟ್ ಹತ್ತದ ಹಾಗೆ ನೋಡಿಕೊಳ್ಳುವುದು ಎಂದು ಬೆವರಪ್ಪ ತೀರ್ಮಾನಿಸಿದ. ಅಷ್ಟರಲ್ಲಿ ಇನ್ನೊಂದು ನೆನಪಾಯಿತು. ಬೆಳಿಗ್ಗೆ ತಾನೂ ಅದರಲ್ಲೇ ಬಂದದ್ದು. ಒಳಗಿನ ಕನ್ನಡಿಯಲ್ಲಿ ತಲೆ ಬೇರೆ ಬಾಚಿಕೊಂಡಿದ್ದ.

ಏಳು ಮಹಡಿಯ ಮೆಟ್ಟಿಲನ್ನು ಓಡುತ್ತ ಇಳಿದು, ಕೆಳಗಿನ ಲಿಫ್ಟ್ ಬಾಗಿಲಿಗೆ "ದುರಸ್ತಿಯಲ್ಲಿದೆ, ಹತ್ತಬಾರದು" ಎಂಬ ಕಾಗದ ಅಂಟಿಸಿದ. ವಾಚ್‌ಮನ್ ಕುರ್ಚಿಯಿಂದಲೇ ನೋಡಿದ.

"ಚೆನ್ನಾಗೇ ಓಡ್ತಿದೆಯಲ್ಲ ಸಾರ್. ಈಗ ತಾನೆ ಎರಡನೇ ಮಹಡಿಯವರು ಬೀರು ಸಾಗಿಸಿದ್ರು."

"ಬೀರು? ಎಷ್ಟು ಜನ ಇದ್ರು ಒಳಗೆ?"

"ಬೀರು ಹಿಡಿಯೋಕೆ ಎಷ್ಟು ಜನ ಬೇಕೋ ಅಷ್ಟು. ಯಾಕೆ ಸಾರ್, ಮುಖ ಸುಣ್ಣ ಬಳಿದ ಹಾಗೆ ಆಯ್ತು?"

"ಏನಿಲ್ಲ. ಎಣ್ಣೆ ಹಾಕ್ಬೇಕು ಅದಕ್ಕೆ. ಯಾರನ್ನೂ ಬಿಡ್ಬೇಡಿ."

"ಎಣ್ಣೆಗೆ ಯಜಮಾನರ ಚೀಟಿ ಬೇಕಲ್ಲ ಸಾರ್."

"ಚೀಟಿ ಆಮೇಲೆ ಬರುತ್ತೆ," ಎಂದು ಬೆವರಪ್ಪ ಮತ್ತೆ ಮೆಟ್ಟಿಲು ಹತ್ತಿದ. ನಾಲ್ಕನೇ ಮಹಡಿಯಲ್ಲಿ ಶ್ವಾಸ, ಐದನೆಯದರಲ್ಲಿ ಧೈರ್ಯ, ಆರನೆಯದರಲ್ಲಿ ಎರಡೂ ಕೈಕೊಟ್ಟವು. ಏಳನೆಯದಕ್ಕೆ ಕಂಬಿ ಹಿಡಿದುಕೊಂಡು ಬಂದ.

ಗಾಬರಿಯಲ್ಲಿ ಬರೆದದ್ದು ನೆಟ್ಟಗಿರುವುದಿಲ್ಲ. ಪ್ರೊಸೆಸರ್ ಯಾವುದೆಂದು ಕೇಳುವ ಸಾಲನ್ನು ಅವನು ಹೊಸದಾಗಿ ಬರೆದನೇನೋ ಸರಿ, ಆದರೆ ಆ ಸಾಲು ಕೇಳಿದ್ದು ಡಬ್ಬಿಯನ್ನಲ್ಲ, ಅವನ ಮೇಜಿನ ಮೇಲಿದ್ದ ಕಂಪ್ಯೂಟರನ್ನು. ಹೆಣ್ಣಿನ ವಯಸ್ಸು ಕೇಳಿಕೊಂಡು ಬಾ ಎಂದರೆ ಸಂಬಂಧ ತಂದವನ ವಯಸ್ಸು ಬರೆದುಕೊಂಡು ಬಂದ ಹಾಗಾಯಿತು. ಕಂಪ್ಯೂಟರ್ ಪ್ರಾಮಾಣಿಕವಾಗಿ ತನ್ನ ಹೆಸರು ಹೇಳಿತು. ಸ್ಕ್ರಿಪ್ಟ್ ಅದಕ್ಕೆ ತಕ್ಕ ಪರೀಕ್ಷೆ ಕಟ್ಟಿ ಡಬ್ಬಿಗೆ ಕಳಿಸಿತು. ಡಬ್ಬಿಗೆ ಒಂದಕ್ಷರವೂ ತಿಳಿಯಲಿಲ್ಲ. ಪಾಸು-ಫೇಲು ತೋರಿಸುವ ಗೋಡೆಯ ದೊಡ್ಡ ಬೋರ್ಡ್ ಮೇಲಿನಿಂದ ಕೆಳಗಿನವರೆಗೆ ಕೆಂಪಾಯಿತು. ಮುನ್ನೂರ ಹನ್ನೆರಡಕ್ಕೆ ಮುನ್ನೂರ ಹನ್ನೆರಡೂ ಫೇಲ್.

"ಅರ್ಧ ಗಂಟೆ ಹಿಂದೆ ಎಲ್ಲಾ ಪಾಸು, ಈಗ ಎಲ್ಲಾ ಫೇಲು," ಎಂದಳು ಅಕ್ಕ ತನ್ನ ಜಾಗದಿಂದ. "ಹಬ್ಬಿದ ಜ್ವರ ಕೂಡ ಒಬ್ಬಿಬ್ಬರನ್ನ ಬಿಡುತ್ತಪ್ಪ."

ಯಜಮಾನರು ಕೋಣೆಯಿಂದ ಹೊರಗೆ ಬಂದರು. ಗಿಡ್ಡ ಮನುಷ್ಯ, ಆದರೆ ಧ್ವನಿ ಎರಡಾಳು ಎತ್ತರ. ಬೋರ್ಡ್ ನೋಡಿದರು, ಬೆವರಪ್ಪನನ್ನು ನೋಡಿದರು.

"ಏನಿದು?"

"ಬೋರ್ಡಿನ ಬಣ್ಣ ಕೆಟ್ಟಿದೆ ಸಾರ್."

"ಬಣ್ಣ ಕೆಟ್ಟಿದೆಯೋ ನಿನ್ನ ಗ್ರಹಚಾರ ಕೆಟ್ಟಿದೆಯೋ? ಆಕೆ ಇನ್ನೇನು ಬರ್ತಾರೆ. ನಾನು ಕೆಳಗೆ ಹೋಗಿ ಕರ್ಕೊಂಡು ಬರೋ ಹೊತ್ತಿಗೆ ಇದು ಹಸಿರಾಗಿರ್ಬೇಕು. ಪತ್ರ ಇನ್ನೂ ನನ್ನ ಜೇಬಲ್ಲೇ ಇದೆ, ಜ್ಞಾಪಕ ಇರ್ಲಿ."

ಅವರು ಲಿಫ್ಟಿನ ಕಡೆ ತಿರುಗಿದರು. ಬೆವರಪ್ಪ ಅಡ್ಡ ಹೋದ.

"ಸಾರ್, ಮೆಟ್ಟಿಲಲ್ಲಿ ಹೋಗಿ ಸಾರ್. ಎದೆಗೆ ಒಳ್ಳೇದು."

"ನನ್ನ ಎದೆ ಚಿಂತೆ ನಿನಗ್ಯಾಕೋ? ಜರುಗು."

ಬಾಗಿಲು ಮುಚ್ಚಿಕೊಂಡಿತು. ಬೆವರಪ್ಪ ಅದಕ್ಕೆ ಕಿವಿ ಹಚ್ಚಿ ನಿಂತ. ಆರು, ಐದು, ನಾಲ್ಕು ಎಂದು ದೀಪ ಇಳಿಯುತ್ತ ಹೋದಂತೆ ಅವನ ಬಾಯಿಯ ಪಸೆಯೂ ಇಳಿಯುತ್ತ ಹೋಯಿತು. ಕೆಳಗೆ ಬಾಗಿಲು ತೆರೆದ ಸದ್ದು ಬಂದಾಗ ಗೋಡೆಗೊರಗಿ ಕುಸಿದ. ಆಗಲೇ ಫೋನ್ ಬಡಿದುಕೊಂಡಿತು. ಅತ್ತೆ. ಆರು ವರ್ಷದಿಂದ ಇವನ ಮನೆಯಲ್ಲೇ ಇದ್ದ, ಹೆಂಡತಿಯ ತಾಯಿ.

"ಅಳಿಯಂದ್ರೇ, ಎರಡೂ ಬೀಗದ ಕೈ ನೀವೇ ಜೇಬಿಗೆ ಹಾಕ್ಕೊಂಡು ಹೋಗಿದೀರಿ. ಬಾಗಿಲು ಎಳ್ಕೊಂಡು ಹೊರಗೆ ಬಂದ ಮೇಲೆ ಗೊತ್ತಾಯ್ತು. ನಿಮ್ಮ ಆಫೀಸಿನ ಕೆಳಗೇ ಇದೀನಿ. ಮೇಲೆ ಬರ್ಲಾ?"

"ಬೇಡ ಅತ್ತೆ. ಅಲ್ಲೇ ವಾಚ್‌ಮನ್ ಹತ್ರ ಕೂತಿರಿ, ನಾನೇ ತಂದ್ಕೊಡ್ತೀನಿ. ಲಿಫ್ಟ್ ಮಾತ್ರ ಹತ್ಬೇಡಿ."

"ಯಾಕಂತೆ?"

"ಅದರೊಳಗೆ ಗಾಳಿ ಸರಿ ಇಲ್ಲ."

"ನಿಮ್ಮ ಮನೇಲಿ ಆರು ವರ್ಷ ಇದ್ದೋಳು ನಾನು. ಎಂಥಾ ಗಾಳಿಗೂ ಒಗ್ಗಿದೀನಿ. ಬೇಗ ಬನ್ನಿ, ಮಂಡಿ ನೋಯ್ತಿದೆ."

ಆಫೀಸಿನಲ್ಲಿ ಯಜಮಾನರು, ಮನೆಯಲ್ಲಿ ಅತ್ತೆ. ಈ ಎರಡು ಬೆಂಕಿಗಳ ನಡುವೆ ಇಷ್ಟು ವರ್ಷ ಎರಡು ಕಡೆಯೂ ತಲೆಯಾಡಿಸಿಕೊಂಡು ಬದುಕಿದ್ದವನಿಗೆ ಇವತ್ತು ಎರಡೂ ಒಂದೇ ಕಟ್ಟಡಕ್ಕೆ ಬಂದಿದ್ದವು. ಬೆವರಪ್ಪ ಕಣ್ಣಿಗಿಳಿದ ಬೆವರನ್ನು ಒರೆಸಿಕೊಂಡು ಮತ್ತೆ ಸ್ಕ್ರಿಪ್ಟಿನ ಮುಂದೆ ಕೂತ. ಈ ಸಲ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿದ. ತಪ್ಪು ಕಂಡಿತು. ಪರೀಕ್ಷಾ ಕೋಣೆಯ ಡಬ್ಬಿಯ ನೆಟ್‌ವರ್ಕ್ ವಿಳಾಸ ಕೊಟ್ಟು, ಡಬ್ಬಿಯನ್ನೇ ನೇರವಾಗಿ ಕೇಳುವಂತೆ ಬರೆದ. ಡಬ್ಬಿ ಉತ್ತರ ಕೊಟ್ಟಿತು. ಆ ಮೂರನೆಯ ಹೆಸರನ್ನು ಪಟ್ಟಿಗೆ ಸೇರಿಸಿದ. ಪರೀಕ್ಷೆ ಶುರುವಾಯಿತು.

ಒಂದು, ಪಾಸ್. ಹದಿನೈದು ಸೆಕೆಂಡಿನ ನಂತರ ಎರಡು, ಪಾಸ್. ಮೂರು, ಪಾಸ್. ನಾಲ್ಕು ತಿಂಗಳಲ್ಲಿ ಮೊದಲ ಸಲ ನಿಜವಾದ ಹಸಿರು. ಇದೇ ಓಟದಲ್ಲಿ ಹೋದರೆ ಹನ್ನೆರಡರೊಳಗೆ ಮುಗಿದೀತು. ಅಲ್ಲಿಯವರೆಗೆ ಯಜಮಾನರು ಆಕೆಯನ್ನು ಕೆಳಗೆ ಮಾತಿನಲ್ಲಿ ಹಿಡಿದಿಟ್ಟುಕೊಂಡರೆ ಸಾಕು ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಹತ್ತು, ಇಪ್ಪತ್ತು, ಮೂವತ್ತು. ಬೆವರು ಆರತೊಡಗಿತು. ಕಾರಿಡಾರಿನಲ್ಲಿ ಯಾವುದೋ ಗಂಟೆ ಬಡಿಯುತ್ತಿತ್ತು. ಯಾರದೋ ಫೋನಿರಬೇಕೆಂದು ಅವನು ಗಮನ ಕೊಡಲಿಲ್ಲ.

ಅಕ್ಕ ಬಂದು ಬೆನ್ನ ಹಿಂದೆ ನಿಂತಳು. ಬೋರ್ಡನ್ನು ಬಹಳ ಹೊತ್ತು ನೋಡಿದಳು.

"ಈಗ ನಿಜವಾಗ್ಲೂ ಓಡ್ತಿದೆ ಕಣೋ. ಯಾವುದರ ಮೇಲೆ ಓಡಿಸ್ತಿದೀಯ?"

"ಡಬ್ಬಿ ಮೇಲೆ. ನಮ್ಮ ಪರೀಕ್ಷಾ ಕೋಣೆದು."

"ಪರೀಕ್ಷಾ ಕೋಣೇಲಿ ಡಬ್ಬಿ ಎಲ್ಲಿದೆ?"

"ಕಪಾಟಿನ ಮೇಲೆ."

"ಕಪಾಟಿನ ಮೇಲೆ ಧೂಳಿದೆ. ಎರಡು ಡಬ್ಬಿ ಬರಬೇಕಿತ್ತು, ಬಂದಿದ್ದು ಒಂದೇ. ನೀನು ನಿನ್ನೆ ಬಸ್ಸಿಗೆ ಓಡಿದ ಮೇಲೆ ಅದನ್ನೇ ಬಿಚ್ಚಿ ಲಿಫ್ಟಿಗೆ ಹಾಕಿದ್ರು."

ಡಬ್ಬಿಯ ಜಾಗ ಬದಲಾಗಿತ್ತು. ವಿಳಾಸ ಬದಲಾಗಿರಲಿಲ್ಲ. ಬೆವರಪ್ಪ ಬೋರ್ಡಿನ ಕಡೆ ನೋಡಿದ. "ನಲವತ್ತೊಂದು: ನಡುದಾರಿಯಲ್ಲಿ ವಿದ್ಯುತ್ ಹೋದರೆ. ಪಾಸ್." ಕಾರಿಡಾರಿನ ಗಂಟೆ ಇನ್ನೂ ಬಡಿಯುತ್ತಲೇ ಇತ್ತು. ಅದು ಫೋನಲ್ಲ, ಲಿಫ್ಟಿನೊಳಗಿನ ಅಪಾಯದ ಗಂಟೆ ಎಂದು ಅವನಿಗೆ ಈಗ ತಿಳಿಯಿತು. ಬೆಳಗಿನಿಂದ ಯಾವುದು ಆದೀತೆಂದು ಹೆದರಿ ಸಾಯುತ್ತಿದ್ದನೋ ಅದನ್ನು ತನ್ನ ಕೈಯಾರೆ, ಒಂದರಿಂದ ಶುರುಮಾಡಿ ಕ್ರಮವಾಗಿ, ಮಾಡುತ್ತ ಕೂತಿದ್ದ.

"ನಿಲ್ಸಿ ಅಕ್ಕ, ನಿಲ್ಸಿ."

"ಮುಟ್ಬೇಡ. ಲಿಫ್ಟ್ ಮಹಡಿ ಸೇರೋ ಮೊದ್ಲೇ ನಿಲ್ಲಿಸಿದ್ರೆ ಡಬ್ಬಿ ಅರ್ಧ ಜೀವದಲ್ಲಿ ನಿಂತುಬಿಡುತ್ತೆ. ಆಮೇಲೆ ಮಾಳಿಗೆ ಮೇಲಿನ ಕೋಣೆಗೆ ಹೋಗಿ ಕರೆಂಟ್ ತೆಗೆದು ಹಾಕ್ಬೇಕು. ಆ ಕೋಣೆ ಬೀಗದ ಕೈ ಯಜಮಾನರ ಹತ್ರ ಇದೆ."

"ಯಜಮಾನರು ಎಲ್ಲಿದಾರೆ?"

ಅಕ್ಕ ಗಂಟೆಯ ಸದ್ದು ಬರುತ್ತಿದ್ದ ಕಡೆಗೆ ಗದ್ದ ಎತ್ತಿ ತೋರಿಸಿದಳು.

ಲಿಫ್ಟ್ ಐದಕ್ಕೂ ಆರಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಬೆವರಪ್ಪ ಒಂದು ಮಹಡಿ ಇಳಿದು, ಆರನೇ ಮಹಡಿಯ ಬಾಗಿಲ ಸಂದಿಗೆ ಬಾಯಿಟ್ಟು, ನೆಲಕ್ಕೆ ಮಂಡಿಯೂರಿ ಕೂಗಿದ.

"ಒಳಗೆ ಯಾರಿದೀರಿ?"

"ನಾನು," ಎಂದಿತು ಯಜಮಾನರ ಧ್ವನಿ.

"ನಾನು," ಎಂದಿತು ಪರಿಚಯವಿಲ್ಲದ ಹೆಂಗಸಿನ ಧ್ವನಿ. ತಪಾಸಣೆ ಅಧಿಕಾರಿ.

ಸ್ವಲ್ಪ ತಡೆದು ಮೂರನೆಯದು ಬಂತು. "ನಾನೂ ಇದೀನಿ ಅಳಿಯಂದ್ರೇ."

ಯಜಮಾನರೇ ವಾಚ್‌ಮನ್ನನ್ನು ಗದರಿಸಿ, ಬಾಗಿಲ ಮೇಲಿನ ಕಾಗದ ಕಿತ್ತೆಸೆದು, ವಯಸ್ಸಾದವರು ಕಾದು ಕೂತಿದ್ದಾರಲ್ಲ ಎಂದು ಅತ್ತೆಯನ್ನೂ ಕರೆದುಕೊಂಡು ಹತ್ತಿದ್ದರು. ಜನ್ಮದಲ್ಲಿ ಮೊದಲ ಸಲ ಅವರಿಗೆ ಕರುಣೆ ಹುಟ್ಟಿದ್ದು ಇವತ್ತೇ ಆಗಬೇಕೆ?

ಬೋರ್ಡ್ ನೋಡುತ್ತಿದ್ದ ಅಕ್ಕ ಮೇಲಿನಿಂದ ಮೆಟ್ಟಿಲ ಸಂದಿಗೆ ಕೂಗಿದಳು. "ಐವತ್ತೆರಡು. ದೀಪ ಆರಿದರೆ."

ಒಳಗೆ ಕತ್ತಲಾಯಿತು. ಯಾರೋ ಕಿರುಚಿದರು. ಅದು ಹೆಂಗಸರ ಧ್ವನಿಯಾಗಿರಲಿಲ್ಲ.

"ಪಾಸ್," ಎಂದಳು ಅಕ್ಕ.

"ಭಯ ಬೇಡ ಸಾರ್," ಎಂದ ಬೆವರಪ್ಪ. ಅವನ ಹಲ್ಲುಗಳು ಒಂದಕ್ಕೊಂದು ಬಡಿಯುತ್ತಿದ್ದವು. "ಇನ್ನೊಂದು ನಲವತ್ತು ನಿಮಿಷ. ಬಾಗಿಲಿನ ಪರೀಕ್ಷೆಗಳು ಇನ್ನೂರರ ಮೇಲೆ ಬರುತ್ತೆ."

"ತಪ್ಪು ನಂದೇ," ಎಂದರು ಅತ್ತೆ ಕತ್ತಲಿನಿಂದ, ನಿಧಾನವಾಗಿ. "ಲಿಫ್ಟ್ ಹತ್ಬೇಡಿ ಅಂತ ನೀವು ಫೋನಲ್ಲಿ ಹೇಳಿದಾಗ್ಲೇ ಕೇಳ್ಬೇಕಿತ್ತು."

ಬೆವರಪ್ಪ ಬಾಗಿಲ ಸಂದಿಗೆ ಕಿವಿ ಹಚ್ಚಿದ.

"ಏನಂದ್ರಿ ಅಮ್ಮ? ನಿಮಗೆ ಮೊದಲೇ ಹೇಳಿದ್ನಾ?" ಎಂದರು ಯಜಮಾನರು.

"ಹ್ಞೂಂ. ಗಾಳಿ ಸರಿ ಇಲ್ಲ ಅಂದ್ರು."

"ನನಗೂ ಮೆಟ್ಟಿಲಲ್ಲಿ ಹೋಗಿ ಅಂದ. ಎಲಾ ಇವನ. ಗೊತ್ತಿತ್ತೇನೋ ನಿನಗೆ? ಬಾಯಿ ಬಿಡೋ."

ಬೆವರಪ್ಪ ಬಾಯಿ ಬಿಟ್ಟ. ಸಂದಿಯ ಧೂಳು ಒಳಗೆ ಹೋಯಿತು.

"ಪತ್ರ ಇಲ್ಲೇ ಜೇಬಲ್ಲಿದೆ. ಹರಿದುಹಾಕೋಣ ಅಂದ್ರೆ ಈ ಕತ್ತಲಲ್ಲಿ ಯಾವ ಕಾಗದ ಯಾವುದು ಅಂತ ಗೊತ್ತಾಗ್ತಿಲ್ಲ. ದೀಪ ಬರ್ಲಿ, ಇರು ನಿನಗೆ."

ಆ ನಲವತ್ತು ನಿಮಿಷ ಬೆವರಪ್ಪ ಕಂಡಷ್ಟು ನರಕವನ್ನು ಒಳಗಿದ್ದವರೂ ಕಂಡಿರಲಾರರು. ಲಿಫ್ಟ್ ಒಂದು ಗೇಣು ಮೇಲೇರಿದರೆ ಇವನ ಜೀವ ಒಂದು ಮಾರು ಕೆಳಗಿಳಿಯುತ್ತಿತ್ತು. ಲಿಫ್ಟ್ ಕುಲುಕಿದಾಗಲೆಲ್ಲ ಇವನೇ "ಅಯ್ಯೋ" ಎನ್ನುತ್ತಿದ್ದ. ಅಕ್ಕ ಮೇಲಿನಿಂದ ಎಣಿಸುತ್ತಲೇ ಇದ್ದಳು. ದೀಪ ಬಂತು, ಹೋಯಿತು, ಬಂತು. ನೂರ ಮೂವತ್ತಕ್ಕೆ ಡಬ್ಬಿ ತನ್ನನ್ನು ತಾನೇ ಆರಿಸಿಕೊಂಡು ಮತ್ತೆ ಎದ್ದಿತು. ನೂರ ಎಪ್ಪತ್ತಕ್ಕೆ ಏಳೂ ಮಹಡಿಯ ಗುಂಡಿಗಳನ್ನು ಒಟ್ಟಿಗೆ ಒತ್ತಿಸಿಕೊಂಡು ಯಾವುದಕ್ಕೂ ಹೋಗದೆ ನಿಂತಿತು. ಪಾಸ್. ಇನ್ನೂರ ಆರಕ್ಕೆ ಸದ್ದಿಲ್ಲದೆ ಮೇಲೇರಿ, ಏಳನೇ ಮಹಡಿಯಲ್ಲಿ ನೆಲಕ್ಕೆ ಸರಿಸಮವಾಗಿ ನಿಂತು, ಬಾಗಿಲನ್ನು ಪೂರ್ತಿಯಾಗಿ ತೆರೆಯಿತು.

"ಈಗ ನಿಲ್ಸಿ ಅಕ್ಕ," ಎಂದು ಕೂಗುತ್ತ ಬೆವರಪ್ಪ ಮೆಟ್ಟಿಲು ಹತ್ತಿ ಬಂದ. ಒಂದು ಪರೀಕ್ಷೆ ಮುಗಿದು ಇನ್ನೊಂದು ಶುರುವಾಗದ ಆ ಗಳಿಗೆಯಲ್ಲಿ ಅಕ್ಕ ಗುಂಡಿ ಒತ್ತಿದಳು.

ಮೂವರೂ ಹೊರಗೆ ಬಂದರು. ಅತ್ತೆ ಸಿಕ್ಕ ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಂಡರು. ಯಜಮಾನರ ಕೂದಲು ಕೆದರಿತ್ತು, ಕಣ್ಣು ಕೆಂಡವಾಗಿತ್ತು, ಕೈ ಜೇಬಿನೊಳಗಿತ್ತು. ಬೆವರಪ್ಪ ಗಾಲಿ ಕುರ್ಚಿಯನ್ನೊಮ್ಮೆ ನೋಡಿದ. ತಾನಾಗಿಯೇ ಅದರಲ್ಲಿ ಕೂತುಬಿಟ್ಟರೆ ಅವರಿಗೆ ತಳ್ಳಲು ಅನುಕೂಲವಾದೀತೇ ಎಂದು ಯೋಚಿಸಿದ.

ತಪಾಸಣೆ ಅಧಿಕಾರಿ ಕೈಯಲ್ಲಿ ಸಣ್ಣ ಪುಸ್ತಕ ಹಿಡಿದಿದ್ದಳು. ಒಳಗಿದ್ದಷ್ಟು ಹೊತ್ತೂ ಫೋನಿನ ಬೆಳಕಿನಲ್ಲಿ ಬರೆದುಕೊಂಡಿದ್ದಳೆಂದು ಕಾಣುತ್ತದೆ. ನಾಲ್ಕು ಪುಟ ತುಂಬಿತ್ತು.

"ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡ್ತಿದೀನಿ," ಎಂದಳು. "ಎಲ್ಲಾ ಕಡೆ ಹಸಿರು ಬೋರ್ಡ್ ತೋರಿಸಿ ಸಹಿ ಕೇಳ್ತಾರೆ. ಬೋರ್ಡ್ ಹಸಿರು ಮಾಡೋದು ಯಾರಿಗೆ ಬರಲ್ಲ? ಯಜಮಾನರೇ ಒಳಗೆ ನಿಂತು, ಮನೆ ಹಿರಿಯರನ್ನೂ ನಿಲ್ಲಿಸ್ಕೊಂಡು, ಇಡೀ ಪರೀಕ್ಷೆ ಓಡಿಸಿದ್ದು ನಾನು ಕಂಡಿದ್ದು ಇದೇ ಮೊದಲು. ಆ ಕತ್ತಲಲ್ಲಿ ಯಜಮಾನರು ಕೂಗಾಡಿದ್ದು ಕೂಡ ಎಷ್ಟು ಸಹಜವಾಗಿತ್ತು."

ಯಜಮಾನರ ಮುಖದಲ್ಲಿ ಸಿಟ್ಟು ಇದ್ದ ಜಾಗದಲ್ಲೇ ಹೆಮ್ಮೆ ಬಂದು ಕೂತಿತು. ಎರಡಕ್ಕೂ ಅದೇ ಕೆಂಪು ಸಾಕಾಯಿತು.

"ಅದು ನಮ್ಮ ಪದ್ಧತಿ ಮೇಡಂ. ಜನ ಹತ್ತೋ ವಸ್ತು, ಮೊದಲು ನಾವು ಹತ್ಬೇಕು."

ಅಕ್ಕ ಕೆಮ್ಮಿದಳು. ಯಜಮಾನರು ಜೇಬಿನಿಂದ ಮಡಿಸಿದ ಕಾಗದ ತೆಗೆದು, ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿ, ಬೆವರಪ್ಪನ ಕೈಗಿಟ್ಟರು. "ತಗೊಳ್ಳಪ್ಪ. ಖಾಯಂ. ಕೆಳಗೆ ನಿನ್ನ ಸಹಿ ಹಾಕು."

ಆರು ವರ್ಷ ಕಾದ ಕಾಗದ. ಬೆವರಪ್ಪನ ಕಣ್ಣು ತುಂಬಿತು. ಪೆನ್ನಿಗಾಗಿ ತಡಕಾಡಿದ.

"ಎಷ್ಟು ಉಳಿದಿದೆ?" ಎಂದು ಅಧಿಕಾರಿ ಅಕ್ಕನನ್ನು ಕೇಳಿದಳು.

"ನೂರ ಆರು ಮೇಡಂ."

"ಅದೂ ಆಗ್ಲಿ, ಆಮೇಲೆ ನನ್ನ ಸಹಿ. ಈ ಸಲ ಸ್ಕ್ರಿಪ್ಟ್ ಬರೆದವರೇ ಒಳಗಿರ್ಲಿ. ಇವರೇ ತಾನೆ? ನಮ್ಮ ಲಿಫ್ಟ್ ಇರೋ ನಲವತ್ತು ಕಟ್ಟಡಕ್ಕೂ ಡಬ್ಬಿ ಹಾಕಿದ ದಿನ ಇವರೇ ಬರ್ಲಿ. ಒಳಗೆ ಇವರಿದ್ರೆ ಜನಕ್ಕೆ ನಂಬಿಕೆ."

"ಅದಕ್ಕೇನು ಮೇಡಂ," ಎಂದ ಯಜಮಾನರು ಪತ್ರವನ್ನು ಬೆವರಪ್ಪನ ಕೈಯಿಂದ ಕಿತ್ತುಕೊಂಡು, "ಕೆಲಸದ ವಿವರ" ಎಂದಿದ್ದ ಕಡೆ ಒಂದು ಸಾಲು ಸೇರಿಸಿ ವಾಪಸು ಕೊಟ್ಟರು. "ಪರೀಕ್ಷೆಯ ಕಾಲದಲ್ಲಿ ಲಿಫ್ಟಿನ ಒಳಗೆ ಇರತಕ್ಕದ್ದು."

ಬೆವರಪ್ಪ ತೆರೆದ ಬಾಗಿಲನ್ನು ನೋಡಿದ. ಒಳಗೆ ಕನ್ನಡಿ, ಕನ್ನಡಿಯಲ್ಲಿ ಒಬ್ಬ ಒದ್ದೆ ಮನುಷ್ಯ.

"ಮುಂದಿನದು ಯಾವುದು ಅಕ್ಕ?" ಎಂದು ಕೇಳಿದ.

ಅಕ್ಕ ಪಟ್ಟಿ ಓದಿದಳು. "ಇನ್ನೂರ ಏಳು. ಮೇಲಿನ ಮಹಡಿ, ತುಂಬಿದ ಭಾರ, ಬ್ರೇಕ್ ಹಿಡಿಯದಿದ್ದರೆ."

"ಹಿಡಿಯದಿದ್ದರೆ?"

"ಅದನ್ನ ನೋಡೋಕೇ ಪರೀಕ್ಷೆ ಇರೋದು ಕಣೋ."

"ಬೀಗದ ಕೈ ಕೊಟ್ಬಿಟ್ಟು ಹತ್ತಿ ಅಳಿಯಂದ್ರೇ," ಎಂದರು ಅತ್ತೆ.

ಅವನು ಬೀಗದ ಕೈಗಳೆರಡನ್ನೂ ಅತ್ತೆಯ ಅಂಗೈಗೆ ಹಾಕಿದ. ಸಹಿಯಿಲ್ಲದ ಪತ್ರವನ್ನು ಗಾಲಿ ಕುರ್ಚಿಯ ಮೇಲೆ ಮೆಲ್ಲಗಿಟ್ಟ. "ಒಂದು ಲೋಟ ನೀರು ಕುಡಿದು ಬರ್ತೀನಿ ಸಾರ್," ಎಂದ.

ನೀರಿನ ಯಂತ್ರ ಕಾರಿಡಾರಿನ ಕೊನೆಯಲ್ಲಿತ್ತು. ಅದನ್ನು ದಾಟಿ ಮೆಟ್ಟಿಲಿಗೆ ಇಳಿದ. ಓಡಲಿಲ್ಲ. ಒಂದೊಂದೇ ಮೆಟ್ಟಿಲು, ಕಂಬಿಯ ಮೇಲೆ ಕೈಯಿಟ್ಟು, ಏಳು ಮಹಡಿ. ಮೂರನೆಯದರಲ್ಲಿ ಯಜಮಾನರು ಕೂಗಿದ್ದು ಕೇಳಿಸಿತು. ಎರಡನೆಯದರಲ್ಲಿ ಇನ್ನೊಮ್ಮೆ ಕೇಳಿಸಿತು, ಅದರಲ್ಲಿ ಬೆವರಪ್ಪ ಎಂಬ ಹೆಸರಿನ ಜೊತೆಗೆ ಬೇರೆ ಪದಗಳೂ ಇದ್ದವು.

ಕೆಳಗೆ ವಾಚ್‌ಮನ್ ಎದ್ದು ನಿಂತ. "ಲಿಫ್ಟ್ ಸರಿಹೋಯ್ತಂತಲ್ಲ ಸಾರ್?"

"ಹೋಯ್ತು," ಎಂದ ಅವನು. "ನೀವು ಹತ್ಬೇಡಿ."

ಗೇಟು ದಾಟಿ, ಬಿಸಿಲಿಗೆ ಇಳಿದು, ಬಸ್ ನಿಲ್ದಾಣವಿದ್ದ ದಿಕ್ಕಿಗೆ ಬೆನ್ನು ಮಾಡಿ ನಡೆದ. ಏಳನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲನ್ನು ಸಂಜೆಯವರೆಗೂ ಹಿಡಿದುಕೊಂಡಿದ್ದರಂತೆ. ಅವನು ಬರಲಿಲ್ಲ.